ಕಾಲು ಕಳೆದುಕೊಂಡ ಸೈನಿಕನಿಗೆ ಬೆಟ್ಟ ಒಳ್ಳೆಯದಾ, ನೀರು ಒಳ್ಳೆಯದಾ?

ನಿಮ್ಮ ತಮ್ಮ ಸೈನ್ಯದಲ್ಲಿದ್ದು ಒಂದು ಕಾಲು ಕಳೆದುಕೊಂಡು ಬಂದಿದ್ದಾನೆ, ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ, ಟ್ರೆಕ್ಕಿಂಗ್ ಕ್ಯಾಂಪಿಗೆ ಸೇರಿಸಬೇಕಾ, ಮೀನು ಹಿಡಿಯುವ ಗುಂಪಿಗೆ ಸೇರಿಸಬೇಕಾ ಎಂದು ಕೇಳಿದ್ದೀರಿ. ನಾನೂ ಹಾಗೆ ಕೋಣೆ ಸೇರಿದ್ದವನೇ. ಮೈನ್ ಸಿಡಿದು ನನ್ನ ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಆಸ್ಪತ್ರೆ, ಕೃತಕ ಕಾಲು, ನಡೆಯುವ ತರಬೇತಿ ಎಲ್ಲ ಮುಗಿಸಿ ಮನೆಗೆ ಬಂದಾಗ ಎಲ್ಲರೂ ಇನ್ನೇನು ಸರಿ ಹೋದ ಅಂದುಕೊಂಡರು. ನನ್ನ ಕಷ್ಟ ಶುರುವಾಗಿದ್ದೇ ಆಮೇಲೆ. ರಾತ್ರಿ ನಿದ್ದೆ ಇಲ್ಲ, ಹಗಲು ಏಳುವುದಿಲ್ಲ. ಪಕ್ಕದ ಮನೆಯ ಬಾಗಿಲು ದಢಾರ್ ಅಂದರೆ ಮೈಯೆಲ್ಲ ಬೆವರು. ಯಾರಾದರೂ ನೋಡಲು ಬಂದರೆ ಮುಸುಕು ಹಾಕಿ ಮಲಗಿಬಿಡುತ್ತಿದ್ದೆ.

ನನ್ನನ್ನು ಹೊರಗೆ ಎಳೆದವರು ಒಬ್ಬ ನಿವೃತ್ತ ಸುಬೇದಾರ್ ಸಾಬ್. ಗಾಯಗೊಂಡು ಬಂದ ಕೆಲವು ಹುಡುಗರನ್ನು ಕಟ್ಟಿಕೊಂಡು ಸುತ್ತಾಡಲು ಹೋಗುತ್ತಿದ್ದರು. ಮೊದಲ ಸಲ ಕರೆದುಕೊಂಡು ಹೋಗಿದ್ದು ಒಂದು ಕೆರೆಯ ದಂಡೆಗೆ, ಅಷ್ಟೇ. ಒಬ್ಬನಿಗೆ ಬಲಗೈ ಇರಲಿಲ್ಲ, ಇನ್ನೊಬ್ಬನಿಗೆ ಸ್ಫೋಟದಿಂದ ಕಿವಿ ಹೋಗಿತ್ತು, ಬಿಸಿಲು ಕಣ್ಣಿಗೆ ಬಿದ್ದರೆ ತಲೆನೋವು. ಯಾರೂ ಯಾರನ್ನೂ ಏನೂ ಕೇಳಲಿಲ್ಲ. ನಾನು ಒಂದು ಬಂಡೆಗೆ ಬೆನ್ನು ಕೊಟ್ಟು ಕೂತೆ, ಹಿಂದಿನಿಂದ ಯಾರೂ ಬರಬಾರದಲ್ಲ. ಸ್ವಲ್ಪ ಹೊತ್ತಾದ ಮೇಲೆ ಒಂದು ವಿಷಯ ಗಮನಕ್ಕೆ ಬಂತು. ಮನೆಯಲ್ಲಿ ಸದ್ದು ಗೋಡೆಯ ಆಚೆಯಿಂದ ಬರುತ್ತದೆ, ಯಾರು ಮಾಡಿದರು ಅಂತ ಕಾಣುವುದಿಲ್ಲ. ಇಲ್ಲಿ ಪ್ರತಿ ಸದ್ದಿಗೂ ಕಣ್ಣಿಗೆ ಉತ್ತರ ಸಿಗುತ್ತಿತ್ತು. ಮೀನು ಹಾರಿತು, ಕೊಂಬೆ ಮುರಿಯಿತು, ಯಾರೋ ಕೆಮ್ಮಿದರು. ಮೈ ತಾನಾಗಿಯೇ ಸಡಿಲವಾಯಿತು. ಅವತ್ತು ರಾತ್ರಿ ಒಳ್ಳೆಯ ನಿದ್ದೆ ಬಂತು.

ನಾನು ತಪ್ಪು ಮಾಡಿದ್ದು ಬೆಟ್ಟಕ್ಕೆ ಹೋದ ದಿನ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಿಮ್ಮ ತಮ್ಮನೂ ಇದನ್ನೇ ಮಾಡುವ ಸಾಧ್ಯತೆ ಜಾಸ್ತಿ.

ಕೃತಕ ಕಾಲು ಹಾಕುವವರಿಗೆ ಉಳಿದ ಕಾಲಿನ ತುದಿ, ಅಂದರೆ ಸ್ಟಂಪ್, ಒಂದು ಸಾಕೆಟ್ ಒಳಗೆ, ಅಂದರೆ ಕೃತಕ ಕಾಲಿನ ಮೇಲ್ತುದಿಯ ಗಟ್ಟಿ ಬಟ್ಟಲಿನೊಳಗೆ ಕೂರುತ್ತದೆ. ಮಧ್ಯೆ ಚರ್ಮಕ್ಕೆ ಅಂಟಿಕೊಂಡ ಹಾಗೆ ಹಾಕುವ ಮೆತ್ತನೆಯ ಚೀಲ, ಸಿಲಿಕೋನ್ ಲೈನರ್, ಇರುತ್ತದೆ. ಬೆಳಗ್ಗೆ ಬಿಗಿಯಾಗಿ ಕೂತ ಸಾಕೆಟ್ ಮಧ್ಯಾಹ್ನದ ಹೊತ್ತಿಗೆ ಸಡಿಲವಾಗುತ್ತದೆ. ನಡೆದ ಹಾಗೆಲ್ಲ ಸ್ಟಂಪ್ ಕುಗ್ಗುತ್ತದೆ, ಅದಕ್ಕೆ. ಕುಗ್ಗಿದ ಮೇಲೆ ಅದು ಸಾಕೆಟ್ ಒಳಗೆ ಇನ್ನೂ ಕೆಳಗೆ ಇಳಿಯುತ್ತದೆ, ಮೂಳೆಯ ತುದಿ ತಳಕ್ಕೆ ಬಡಿಯುತ್ತದೆ. ಆಗ ನಿಂತು, ಕಾಲು ಬಿಚ್ಚಿ, ಸಡಿಲವಾದ ಜಾಗ ತುಂಬಲು ಸ್ಟಂಪಿಗೆ ಇನ್ನೊಂದು ಸಾಕ್ಸ್ ಹಾಕಬೇಕು. ಬೆವರಿನದ್ದು ಇನ್ನೊಂದು ಕಥೆ. ಲೈನರ್ ಒಳಗೆ ಗಾಳಿ ಆಡುವುದಿಲ್ಲ, ಬೆವರು ಅಲ್ಲೇ ನಿಲ್ಲುತ್ತದೆ. ಒದ್ದೆ ಚರ್ಮದ ಮೇಲೆ ಲೈನರ್ ಜಾರುತ್ತದೆ, ಪ್ರತಿ ಹೆಜ್ಜೆಗೂ ಉಜ್ಜುತ್ತದೆ. ಅದನ್ನೂ ಬಿಚ್ಚಿ ಒರೆಸಿ ಒಣಗಿಸಬೇಕು. ಚರ್ಮ ಕೆಂಪಾಗಿದ್ದರೆ ಸ್ವಲ್ಪ ಹೊತ್ತು ಕಾಯಬೇಕು. ಆ ಕೆಂಪು ಹೋಗದಿದ್ದರೆ ಅವತ್ತಿನ ನಡಿಗೆ ಮುಗಿಯಿತು ಅಂತಲೇ ಅರ್ಥ.

ಇದೆಲ್ಲ ನನಗೆ ಗೊತ್ತಿತ್ತು. ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಚೀಲದಲ್ಲಿ ಸಾಕ್ಸ್ ಕೂಡ ಇತ್ತು. ಹತ್ತುವಾಗಲೇ ಒಳಗೆ ಒದ್ದೆಯಾಗಿದ್ದು ತಿಳಿದಿತ್ತು. ಆದರೆ ಅವತ್ತು ಗುಂಪಿನಲ್ಲಿ ಮೊದಲ ಸಲ ನಾನು ಮುಂದೆ ನಡೆಯುತ್ತಿದ್ದೆ. ಹಿಂದೆ ಬರುತ್ತಿದ್ದ ಹುಡುಗನಿಗೆ ಕೈ ಕೊಟ್ಟು ಹತ್ತಿಸಿದ್ದೆ. ಎಷ್ಟೋ ಕಾಲದ ಮೇಲೆ ನಾನು ಸೈನಿಕ ಅನಿಸಿತ್ತು. ಆಗ ನಿಂತು, ಎಲ್ಲರೆದುರು ಪ್ಯಾಂಟ್ ಮೇಲೆತ್ತಿ ಕಾಲು ಬಿಚ್ಚುವುದು ನನ್ನಿಂದ ಆಗಲಿಲ್ಲ. ಸಾಬ್ ಎರಡು ಸಲ ತಿರುಗಿ ನೋಡಿ "ಸರಿ ಇದ್ದೀಯಾ?" ಎಂದರು. ಎರಡು ಸಲವೂ "ಸರಿ ಇದ್ದೀನಿ ಸಾಬ್" ಅಂದೆ. ಇಳಿಯುವಾಗ ಇನ್ನೂ ಕಷ್ಟವಾಯಿತು. ಕೃತಕ ಪಾದ ನಮ್ಮ ಪಾದದ ಹಾಗೆ ಇಳಿಜಾರಿಗೆ ಬಾಗುವುದಿಲ್ಲ, ಮೊಣಕಾಲನ್ನು ಮುಂದಕ್ಕೆ ತಳ್ಳುತ್ತದೆ, ಭಾರವೆಲ್ಲ ಸ್ಟಂಪಿನ ಮುಂಭಾಗಕ್ಕೆ ಬೀಳುತ್ತದೆ. ಹಲ್ಲು ಕಚ್ಚಿಕೊಂಡು ಇಳಿದೆ. ಮನೆಗೆ ಬಂದು ಬಿಚ್ಚಿದಾಗ ಲೈನರ್ ಒಳಗೆ ರಕ್ತ.

ಅದನ್ನೂ ಮುಚ್ಚಿಟ್ಟೆ. ಕೀವಾಗಿ ಜ್ವರ ಬಂದ ಮೇಲೆ ಡಾಕ್ಟರ್ ಹತ್ತಿರ ಹೋದೆ. ಗಾಯ ಮಾಯುವವರೆಗೆ ಕೃತಕ ಕಾಲು ಹಾಕುವ ಹಾಗಿಲ್ಲ ಅಂದರು. ತಿಂಗಳುಗಟ್ಟಲೆ ಊರುಗೋಲು. ಅಷ್ಟರಲ್ಲಿ ಸ್ಟಂಪಿನ ಆಕಾರ ಬದಲಾಗಿ ಹಳೆಯ ಸಾಕೆಟ್ ಕೂರಲೇ ಇಲ್ಲ, ಹೊಸದು ಮಾಡಿಸಬೇಕಾಯಿತು. ಮತ್ತೆ ಅದೇ ಕೋಣೆ, ಮತ್ತೆ ಅದೇ ಮುಸುಕು. ಈ ಸಲ ಮೊದಲಿಗಿಂತ ಕೆಟ್ಟದಾಗಿತ್ತು. ಮೊದಲು ಹೊರಗೆ ಏನಿದೆ ಅಂತ ಗೊತ್ತಿರಲಿಲ್ಲ, ಈಗ ಗೊತ್ತಿತ್ತು.

ಸಾಬ್ ನೋಡಲು ಬಂದರು. ಬೈಯಲಿಲ್ಲ. "ನಿನ್ನ ಹೆಜ್ಜೆ ಸದ್ದು ಬದಲಾಗಿದ್ದು ನನಗೆ ಕೇಳಿಸಿತ್ತು. ನಿನ್ನನ್ನು ಕೇಳಬಾರದಿತ್ತು, ನಿಲ್ಲಿಸಬೇಕಿತ್ತು" ಅಂದರು. ಅಲ್ಲಿಂದ ಗುಂಪಿನಲ್ಲಿ ಒಂದು ನಿಯಮ ಬಂತು. ಅವರು ಕೂರಿ ಅಂದಾಗ ಎಲ್ಲರೂ ಕೂರಬೇಕು. ಕೃತಕ ಕಾಲು ಇದ್ದವರು ಕಾಲು ಬಿಚ್ಚಬೇಕು, ಎರಡೂ ಕಾಲು ಇದ್ದವರು ಶೂ ಬಿಚ್ಚಬೇಕು. ಸಾಬ್ ತಾವೂ ಬಿಚ್ಚುತ್ತಿದ್ದರು. ಯಾರೂ ಯಾರಿಗೂ ಕಾರಣ ಹೇಳಬೇಕಾಗಿರಲಿಲ್ಲ.

ಆದ್ದರಿಂದ ನನ್ನ ಪ್ರಕಾರ ಬೆಟ್ಟವಾ, ನೀರಾ ಅನ್ನುವುದು ಮುಖ್ಯ ಪ್ರಶ್ನೆಯೇ ಅಲ್ಲ. ನಿಲ್ಲುವುದಕ್ಕೆ ಅಲ್ಲಿ ಅವಕಾಶ ಇದೆಯಾ ಅನ್ನುವುದು ಮುಖ್ಯ. ಸೈನ್ಯ ನಮಗೆ ನಿಲ್ಲದಿರುವುದನ್ನು ಕಲಿಸಿರುತ್ತದೆ. ಅದೇ ಗುಣ ಇಲ್ಲಿ ನಮ್ಮನ್ನು ತಿನ್ನುತ್ತದೆ. ಗಾಯಗೊಂಡ ಸೈನಿಕನಿಗೆ "ಇದೊಂದು ಸವಾಲು, ಗೆದ್ದು ತೋರಿಸು" ಅನ್ನುವ ಕ್ಯಾಂಪ್ ಕಂಡರೆ ನನಗೆ ಭಯವಾಗುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಒಪ್ಪಿಗೆಯಾಗದ ಇನ್ನೊಂದು ಮಾತು "ಸೇರಿಸಬೇಕಾ" ಅನ್ನುವುದು. ಅವನನ್ನು ಸೇರಿಸಬೇಡಿ. ಕೇಳಿ. ಅಮೆರಿಕದಲ್ಲಿ ಅರ್ಲ್ ಶೇಫರ್ ಅಂತ ಒಬ್ಬರು ಎರಡನೇ ಮಹಾಯುದ್ಧದಿಂದ ವಾಪಸ್ ಬಂದು, ಯುದ್ಧವನ್ನು ಮೈಯಿಂದ ಇಳಿಸಿಕೊಳ್ಳಬೇಕು ಅಂತ 1948ರಲ್ಲಿ ಅಪಲೇಚಿಯನ್ ಟ್ರೇಲ್ ಅನ್ನುವ ಬೆಟ್ಟದ ಕಾಲುದಾರಿ ಹಿಡಿದು 3,000 ಕಿಲೋಮೀಟರಿಗೂ ಜಾಸ್ತಿ ನಡೆದರು. ಆ ದಾರಿಯನ್ನು ಒಂದೇ ಪಯಣದಲ್ಲಿ ಮುಗಿಸಿದವರಲ್ಲಿ ಅವರೇ ಮೊದಲಿಗರು ಎನ್ನುತ್ತಾರೆ. ಅವರು ಹೊರಟಿದ್ದು ಯಾರೋ ಚಿಕಿತ್ಸೆ ಅಂತ ಕಳುಹಿಸಿದ್ದಕ್ಕಲ್ಲ. ದಾರಿ ಅವರೇ ಆರಿಸಿಕೊಂಡಿದ್ದು.

ಮುರಳಿಕಾಂತ್ ಪೇಟ್ಕರ್ ಅವರ ಕಥೆ ನಿಮಗೆ ಗೊತ್ತಿರಬಹುದು. ಸೈನ್ಯದಲ್ಲಿ ಬಾಕ್ಸರ್ ಆಗಿದ್ದರು. 1965ರ ಯುದ್ಧದಲ್ಲಿ ಗುಂಡು ತಗುಲಿ ನಡೆಯುವ ಶಕ್ತಿ ಹೋಯಿತು. ಅವರು ಈಜು ಹಿಡಿದರು. 1972ರಲ್ಲಿ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್‌ನಲ್ಲಿ ಚಿನ್ನ ಗೆದ್ದರು. ಭಾರತಕ್ಕೆ ಅದು ಮೊದಲ ಪ್ಯಾರಾಲಿಂಪಿಕ್ ಚಿನ್ನ. ನನ್ನ ಕಣ್ಣು ಹೋಗುವುದು ಚಿನ್ನದ ಕಡೆಗಲ್ಲ, ಬಾಕ್ಸಿಂಗ್‌ನಿಂದ ಈಜಿಗೆ ಹೋದರಲ್ಲ, ಆ ಕಡೆಗೆ. ನಿಮ್ಮ ತಮ್ಮ ಮೊದಲು ಓಟಗಾರನಾಗಿದ್ದರೆ ಅವನನ್ನು ಮೈದಾನಕ್ಕೇ ಕರೆದುಕೊಂಡು ಹೋಗಬೇಡಿ. ಅಲ್ಲಿ ಅವನು ಹಳೆಯ ತನ್ನ ಜೊತೆ ಓಡಿ ಸೋಲುತ್ತಾನೆ. ಮೊದಲು ಯಾವತ್ತೂ ಮಾಡದ ಕೆಲಸ ಆದರೆ ಹೋಲಿಸುವುದಕ್ಕೆ ಏನೂ ಇರುವುದಿಲ್ಲ.

ಅವನಿಗೆ ಎವರೆಸ್ಟ್ ಹತ್ತಿದವರ ವಿಡಿಯೋ ಕಳುಹಿಸುತ್ತಿರುವುದಾಗಿ ಬರೆದಿದ್ದೀರಿ. ದಯವಿಟ್ಟು ನಿಲ್ಲಿಸಿ. ಗೂರ್ಖಾ ಯೋಧ ಹರಿ ಬುಧಾ ಮಗರ್ ಎರಡೂ ಕಾಲು ಮೊಣಕಾಲಿನ ಮೇಲಕ್ಕೆ ಕಳೆದುಕೊಂಡು ಎವರೆಸ್ಟ್ ಏರಿದ್ದು ದೊಡ್ಡ ವಿಷಯವೇ. ಆದರೆ ಅವರು ಅಫ್ಘಾನಿಸ್ತಾನದಲ್ಲಿ ಕಾಲು ಕಳೆದುಕೊಂಡಿದ್ದು 2010ರಲ್ಲಿ, ಶಿಖರ ತಲುಪಿದ್ದು 2023ರ ಮೇ ತಿಂಗಳಲ್ಲಿ. ಮಧ್ಯದ 13 ವರ್ಷ ಆ ವಿಡಿಯೋದಲ್ಲಿ ಕಾಣುವುದಿಲ್ಲ. ಕೋಣೆಯಲ್ಲಿ ಮಲಗಿರುವವನಿಗೆ ಅದು "ನೀನ್ಯಾಕೆ ಇನ್ನೂ ಎದ್ದಿಲ್ಲ" ಅಂತ ಕೇಳಿದ ಹಾಗಿರುತ್ತದೆ.

ಔಷಧಿ ಬಿಟ್ಟು ಪ್ರಕೃತಿಯಲ್ಲೇ ವಾಸಿಯಾಗುತ್ತದಾ ಅಂತಲೂ ಕೇಳಿದ್ದೀರಿ. ಇಲ್ಲ. ನನ್ನ ಮಾತ್ರೆ ನಡೆದಿತ್ತು, ಕೌನ್ಸೆಲಿಂಗ್ ನಡೆದಿತ್ತು, ಕೆರೆಯೂ ಇತ್ತು. ಒಂದರ ಬದಲು ಇನ್ನೊಂದಲ್ಲ. ಸಾಯುವ ಮಾತು ಅವನ ಬಾಯಲ್ಲಿ ಬಂದರೆ ಕ್ಯಾಂಪ್ ಹುಡುಕುತ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೆನ್ನುಹುರಿ ಮುರಿದ ಸೈನಿಕರ ಕೈಗೆ ಬಿಲ್ಲು ಕೊಟ್ಟ ಡಾಕ್ಟರ್ ಲುಡ್ವಿಗ್ ಗುಟ್‌ಮನ್ ಅವರನ್ನೇ ನೋಡಿ. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಶುರುವಾದ ದಿನವೇ, ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ 16 ಮಂದಿ ವೀಲ್‌ಚೇರ್‌ನಲ್ಲಿ ಕೂತು ಬಿಲ್ಲು ಹಿಡಿದರು. ಅದೇ ಬೆಳೆದು ಪ್ಯಾರಾಲಿಂಪಿಕ್ಸ್ ಆಯಿತು. ಆದರೆ 1944ರಲ್ಲಿ ಅವರು ಅಲ್ಲಿ ಮೊದಲು ಹಿಡಿದ ಕೆಲಸ ರೋಗಿಗಳನ್ನು ಎರಡೆರಡು ಗಂಟೆಗೆ ಮಗ್ಗುಲು ಬದಲಿಸುವುದು. ಆಗ ಅಂಥವರು ಹಾಸಿಗೆ ಹುಣ್ಣು, ಮೂತ್ರದ ಸೋಂಕಿನಿಂದಲೇ ಸಾಯುತ್ತಿದ್ದರು. ಚರ್ಮ ಮೊದಲು, ಬಿಲ್ಲು ಆಮೇಲೆ. ನನ್ನ ಸಾಕ್ಸ್ ಕಥೆಯನ್ನು ಅಷ್ಟು ಉದ್ದ ಹೇಳಿದ್ದು ಸುಮ್ನೆ ಅಲ್ಲ.

ಒಂದು ಉತ್ತರ ಬೇಕೇ ಬೇಕು ಅಂದರೆ ಮೀನು ಹಿಡಿಯುವುದನ್ನೇ ಹೇಳುತ್ತೇನೆ. ಕೂತು ಮಾಡುವ ಕೆಲಸ, ಸ್ಟಂಪಿಗೆ ಭಾರವಿಲ್ಲ, ಕೈಗೆ ಕೆಲಸ ಇರುತ್ತದೆ, ಮಾತಾಡದೆ ಇದ್ದರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ. ದಂಡೆ ಸಮತಟ್ಟಾಗಿರಲಿ. ಕೃತಕ ಕಾಲು ನೀರಿಗೆ ಆಗುತ್ತದಾ ಅಂತ ಮಾಡಿಕೊಟ್ಟವರನ್ನು ಮೊದಲೇ ಕೇಳಿ, ಎಲ್ಲವೂ ಆಗುವುದಿಲ್ಲ. ಯಾವ ಗುಂಪಾದರೂ ಸರಿ, ಕರೆದುಕೊಂಡು ಹೋಗುವವರಿಗೆ ಎರಡು ಪ್ರಶ್ನೆ ಹಾಕಿ. ಮಧ್ಯದಲ್ಲಿ ಒಬ್ಬನಿಗೆ ಆಗದಿದ್ದರೆ ಎಲ್ಲರೂ ನಿಲ್ಲುತ್ತೀರಾ? ವಾಪಸ್ ಬಂದ ಮುಂದಿನ ವಾರ ಅವನಿಗೆ ಫೋನ್ ಮಾಡುವವರು ಯಾರು? ಎರಡನೆಯದಕ್ಕೆ ಹೆಸರು ಹಿಡಿದು ಉತ್ತರ ಬರದಿದ್ದರೆ ಆ ಗುಂಪು ಬೇಡ.

ಅದಕ್ಕೂ ಮೊದಲು ಅವನ ಯೂನಿಟ್‌ನಲ್ಲಿ ಜೊತೆಗಿದ್ದವರು ಯಾರು ಅಂತ ತಿಳಿದುಕೊಳ್ಳಿ. ಅವನನ್ನೇ ಕೇಳಿ, ಯಾರ ಜೊತೆ ಮಾತಾಡಬೇಕು ಅನಿಸುತ್ತದೆ ಅಂತ. ಹೆಸರು ಹೇಳಿದರೆ ಅವರಿಗೆ ನೀವು ಫೋನ್ ಮಾಡಿ, ಬಂದು ಅವನ ಜೊತೆ ಒಂದು ಸಂಜೆ ಹೊರಗೆ ಕೂರಲು ಹೇಳಿ. ಆ ಸಂಜೆ ನೀವು ಜೊತೆಗೆ ಹೋಗಬೇಡಿ.