ಗ್ರೇಪ್‌ಫ್ರೂಟ್ ಯಾಕೆ ಬಿಟ್ಟಿರಿ?

ನಮಸ್ಕಾರ. ಅಮೆರಿಕದ ನಟ ಜೇಮ್ಸ್ ಅರ್ಲ್ ಜೋನ್ಸ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಭಾಷೆ ಶುದ್ಧವಾಗಿದೆ, ಇಸವಿಗಳು ಸರಿಯಾಗಿವೆ, ಶ್ರಮವೂ ಕಾಣುತ್ತದೆ. ಆದರೆ ಮೂರನೇ ಪ್ಯಾರಾದ ಈ ಸಾಲು ನನಗೆ ರಾತ್ರಿ ತನಕ ಕಿರಿಕಿರಿ ಮಾಡಿತು:

'ಬಾಲ್ಯದ ಉಗ್ಗಿನ ಸಮಸ್ಯೆ ಶಿಕ್ಷಕರೊಬ್ಬರ ಪ್ರೋತ್ಸಾಹದಿಂದ ನೀಗಿ, ಅವರು ಯಶಸ್ಸಿನ ಶಿಖರವೇರಿದರು.'

'ಸಮಸ್ಯೆ' ಅಂದಿರಿ. ಮಿಸಿಸಿಪ್ಪಿಯಲ್ಲಿ ಹುಟ್ಟಿದ ಹುಡುಗ ಮಿಷಿಗನ್‌ಗೆ, ಅಜ್ಜ-ಅಜ್ಜಿಯ ಹೊಲಮನೆಗೆ ಬಂದ. ಉಗ್ಗು ಶುರುವಾಯಿತು. ಸುಮಾರು ಎಂಟು ವರ್ಷ ಶಾಲೆಯಲ್ಲಿ ಬಾಯಿ ಬಿಡಲಿಲ್ಲ. ಹೊಲದ ಪ್ರಾಣಿಗಳ ಜೊತೆಯಾದರೆ ಮಾತು ಬರುತ್ತಿತ್ತು. ಎಂಟು ವರ್ಷದ ಮೌನವನ್ನು ಒಂದು ಪದದಲ್ಲಿ ಸುಮ್ನೆ ಮುಚ್ಚಿಬಿಟ್ಟಿರಲ್ಲ!

'ಶಿಕ್ಷಕರೊಬ್ಬರು'. ಅವರಿಗೆ ಹೆಸರಿದೆ, ಡೊನಾಲ್ಡ್ ಕ್ರೌಚ್. ಅವರು ಮಾಡಿದ್ದು ಪ್ರೋತ್ಸಾಹವಂತೂ ಅಲ್ಲ. ಹುಡುಗ ಗ್ರೇಪ್‌ಫ್ರೂಟ್ ಮೇಲೊಂದು ಪದ್ಯ ಬರೆದಿದ್ದ. (ನಮ್ಮ ಚಕ್ಕೋತದ ತಮ್ಮನಂಥ ಹಣ್ಣು ಅದು.) ಇಷ್ಟು ಚೆನ್ನಾಗಿದೆ, ಎಲ್ಲಿಂದಲೋ ಕದ್ದಿರಬೇಕು, ನಿನ್ನದೇ ಆದರೆ ಎಲ್ಲರೆದುರು ಬಾಯಿಪಾಠ ಹೇಳು ಅಂದರು ಮೇಷ್ಟ್ರು. ಹುಡುಗ ಎದ್ದು ನಿಂತು ಹೇಳಿದ. ತಡವರಿಸಲಿಲ್ಲ. ಲೇಖನ ಶುರುವಾಗಬೇಕಾದದ್ದು ಇಲ್ಲಿಂದ ಅಲ್ವಾ? ನೀವು 1931ರ ಜನನದಿಂದ ಹೊರಟಿದ್ದೀರಿ, ಹಣ್ಣಿನ ಸುದ್ದಿಯೇ ಇಲ್ಲ.

'ನೀಗಿ' ಅನ್ನುವುದು ತಪ್ಪೇ. ತಾನು ಈಗಲೂ ಉಗ್ಗುವವನೇ ಅಂತ ದೊಡ್ಡ ನಟರಾದ ಮೇಲೂ ಅವರು ಹೇಳುತ್ತಿದ್ದರು. 1969ರಲ್ಲಿ ಅಮೆರಿಕದ ರಂಗಭೂಮಿಯ ದೊಡ್ಡ ಗೌರವವಾದ ಟೋನಿ ಪ್ರಶಸ್ತಿ ಬಂತು, 1977ರಲ್ಲಿ 'ಸ್ಟಾರ್ ವಾರ್ಸ್' ಸಿನಿಮಾದ ಖಳ ಡಾರ್ತ್ ವೇಡರ್‌ಗೆ ದನಿ ಕೊಟ್ಟರು. ಆಗೆಲ್ಲ ಉಗ್ಗು ಜೊತೆಯಲ್ಲೇ ಇತ್ತು.

'ಶಿಖರ'ವಂತೆ! ಮಿಷಿಗನ್‌ನ ಮ್ಯಾನಿಸ್ಟಿಯ ರಂಗಮಂದಿರದಲ್ಲಿ ಅವರು ಮೊದಲು ಬಡಗಿ ಕೆಲಸ ಮಾಡಿದವರು. ಅದೇ ರಂಗದ ಮೇಲೆ 1955ರಲ್ಲಿ ಷೇಕ್ಸ್‌ಪಿಯರ್ ನಾಟಕದ ನಾಯಕ ಒಥೆಲೊ ಆದರು. ಸುತ್ತಿಗೆ ಹಿಡಿದ ಕೈ ನಿಮಗೆ ಕಾಣಲೇ ಇಲ್ಲವಾ?

ನಾನೂ ಹೀಗೇ ಬರೆಯುತ್ತಿದ್ದೆ ಬಿಡಿ. ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದ ಹೊಸತು. ಕಂಪನಿ ನಾಟಕದ ಹಾರ್ಮೋನಿಯಂ ಮಾಸ್ತರರೊಬ್ಬರು ತೀರಿಕೊಂಡರು. 'ತುಂಬಲಾರದ ನಷ್ಟ' ಅಂತ ಬರೆದುಕೊಟ್ಟೆ. ಹಿರಿಯ ಉಪಸಂಪಾದಕರು ಓದಿ, "ಅವರ ನಟರು ಯಾವ ಶ್ರುತಿಗೆ ಹಾಡ್ತಿದ್ರಪ್ಪಾ? ಕಪ್ಪು ಮೂರಾ, ಬಿಳಿ ನಾಲ್ಕಾ?" ಅಂದರು. ನನಗೆ ಗೊತ್ತಿರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಮಾಸ್ತರರ ಊರಿಗೆ ಓಡಿಸಿದರು. ಅವರ ಹೆಂಡತಿ ಲೆಗ್ ಹಾರ್ಮೋನಿಯಂ ಮೇಲಿನ ಬಟ್ಟೆ ಸರಿಸಿ ತೋರಿಸಿದರು. ಕಾಲಿಡುವ ಹಲಗೆ ಸವೆದು ಗುಣಿ ಬಿದ್ದಿತ್ತು. ಅದನ್ನು ಬರೆದೆ. ಸಂಬಳವೇನೂ ಜಾಸ್ತಿ ಆಗಲಿಲ್ಲ, ಲೇಖನ ಅಚ್ಚಾಯಿತು.

ಪ್ರಶಸ್ತಿಗಳ ಪಟ್ಟಿಯನ್ನು ಅರ್ಧಕ್ಕೆ ಇಳಿಸಿ, ಇನ್ನೊಮ್ಮೆ ಬರೆದು ಕಳಿಸಿ. 'ಸಿಂಹಗರ್ಜನೆಯಂಥ ಕಂಠ' ಅಂತ ಮತ್ತೆ ಕಂಡರೆ ಮಾತ್ರ ಹೊಡೆದುಹಾಕುತ್ತೇನೆ. ಅವರು 'ಲಯನ್ ಕಿಂಗ್' ಸಿನಿಮಾದ ಸಿಂಹರಾಜ ಮುಫಾಸಾಗೇ ದನಿ ಕೊಟ್ಟಿದ್ದರೂ ಸರಿ.