ಟೆಸ್ಟಿಂಗ್‌ನಲ್ಲಿ ಮೊದಲು ಬಂದವರು ರೇಸ್‌ನಲ್ಲಿ ಎಲ್ಲಿ ಹೋಗ್ತಾರೆ?

ಪ್ರಶ್ನೆ: ಫಾರ್ಮುಲಾ ಒನ್‌ನಲ್ಲಿ ವರ್ಷದ ರೇಸ್‌ಗಳು ಶುರುವಾಗುವ ಮುಂಚೆ ತಂಡಗಳು ಕಾರು ಓಡಿಸಿ ಪರೀಕ್ಷಿಸುತ್ತವಲ್ಲ, ಆ 2025ರ ಬಹ್ರೇನ್ ಟೆಸ್ಟಿಂಗ್‌ನಲ್ಲಿ ಎಲ್ಲರಿಗಿಂತ ವೇಗದ ಲ್ಯಾಪ್ ಹಾಕಿದ್ದು ವಿಲಿಯಮ್ಸ್‌ನ ಕಾರ್ಲೋಸ್ ಸೈಂಜ್. ಆದರೆ ವರ್ಷದ ಕೊನೆಗೆ ಚಾಲಕರದ್ದು, ತಂಡಗಳದ್ದು ಎರಡೂ ಪ್ರಶಸ್ತಿ ಮೆಕ್‌ಲಾರೆನ್‌ಗೆ ಹೋಯಿತು. ಹಾಗಾದರೆ ಟೆಸ್ಟಿಂಗ್ ಪಟ್ಟಿ ನೋಡೋದೇ ದಂಡ ಅಲ್ವಾ? ತಂಡದ ನಿಜವಾದ ದಮ್ಮು ಗೊತ್ತಾಗೋದು ಹೇಗೆ? (ದಾವಣಗೆರೆಯ ಓದುಗರು)

ಉತ್ತರ: ವೇಗದ ಲ್ಯಾಪ್‌ಗಳ ಪಟ್ಟಿ ನೋಡೋದು ಹೆಚ್ಚುಕಡಿಮೆ ದಂಡವೇ. ಸೈಂಜ್ ಹಿಂದೆ ಎರಡನೇ ಮತ್ತು ಮೂರನೇ ಜಾಗದಲ್ಲಿದ್ದದ್ದು ಫೆರಾರಿಯ ಹ್ಯಾಮಿಲ್ಟನ್ ಮತ್ತು ಲೆಕ್ಲೆರ್. ಆ ಫೆರಾರಿ ವರ್ಷವಿಡೀ ಭಾನುವಾರದ ಒಂದೂ ರೇಸ್ ಗೆಲ್ಲಲಿಲ್ಲ.

ಆದರೆ ಅದೇ ಟೆಸ್ಟಿಂಗ್‌ನ ಎರಡನೇ ದಿನ ಮೆಕ್‌ಲಾರೆನ್‌ನ ಲ್ಯಾಂಡೊ ನಾರಿಸ್ ಒಂದು ಉದ್ದನೆಯ ಓಟ ಓಡಿಸಿದರು. ಲೆಕ್ಲೆರ್ ಮತ್ತು ಮರ್ಸಿಡಿಸ್‌ನ ಆಂಟೊನೆಲ್ಲಿ ಓಡಿಸಿದ ಅಂಥದ್ದೇ ಓಟದ ಪಕ್ಕ ಅದನ್ನಿಟ್ಟು ನೋಡಿದವರಿಗೆ ಮೆಕ್‌ಲಾರೆನ್ ಎಷ್ಟು ಮುಂದಿದೆ ಅಂತ ಆವತ್ತೇ ಗೊತ್ತಾಗಿತ್ತು. ಉತ್ತರ ಅಲ್ಲೇ ಇತ್ತು. ಪಟ್ಟಿಯ ಮೇಲ್ಸಾಲಿನಲ್ಲಿ ಇರಲಿಲ್ಲ, ಅಷ್ಟೇ.

ಒಂದೇ ಲ್ಯಾಪ್ ಯಾಕೆ ಮೋಸ ಮಾಡುತ್ತದೆ? ಟ್ಯಾಂಕ್‌ನಲ್ಲಿ ಎಷ್ಟು ಇಂಧನ ಇದೆ ಅಂತ ಯಾರೂ ಹೇಳುವುದಿಲ್ಲ. 10 ಕೆಜಿ ಇಂಧನ ಜಾಸ್ತಿ ಇದ್ದರೆ ಲ್ಯಾಪ್‌ಗೆ ಸುಮಾರು 0.3 ಸೆಕೆಂಡ್ ಹೋಗುತ್ತದೆ. ಒಬ್ಬರು 10 ಕೆಜಿ, ಇನ್ನೊಬ್ಬರು 40 ಕೆಜಿ ಹಾಕಿಕೊಂಡು ಹೊರಟರೆ ಅಲ್ಲೇ ಹತ್ತಿರ ಹತ್ತಿರ ಒಂದು ಸೆಕೆಂಡ್ ವ್ಯತ್ಯಾಸ. ಅದರ ಮೇಲೆ ಟೈರ್. ಪಿರೆಲ್ಲಿಯ ಗಟ್ಟಿ ಟೈರ್‌ಗೂ ಮೆತ್ತನೆಯದಕ್ಕೂ ದೊಡ್ಡ ಅಂತರವಿದೆ. ಮತ್ತೆ ಎಂಜಿನ್‌ನಿಂದ ಎಷ್ಟು ಶಕ್ತಿ ತೆಗೆಯುತ್ತಿದ್ದಾರೆ ಅನ್ನೋದೂ ಗುಟ್ಟು. ಇಷ್ಟೆಲ್ಲ ಸೇರಿ ಬಂದ ಒಂದು ಸಂಖ್ಯೆಯಿಂದ ಕಾರಿನ ವೇಗವನ್ನಷ್ಟೇ ಬಿಡಿಸಿ ತೆಗೆಯಲು ಆಗದು.

ರೇಸ್ ಸಿಮ್ಯುಲೇಶನ್ ಅನ್ನುತ್ತಾರಲ್ಲ, ಇಡೀ ರೇಸ್‌ನ ಹಾಗೆಯೇ ಓಡಿಸಿ ನೋಡೋದು, ಅದು ಬೇರೆ ವಿಷಯ. ಬಹ್ರೇನ್ ರೇಸ್ 57 ಲ್ಯಾಪ್. ಒಂದು ಕಾರು ಪಿಟ್‌ಗೆ ಬಂದು, ಟೈರ್ ಮಾತ್ರ ಬದಲಿಸಿಕೊಂಡು, ಹೆಚ್ಚುಕಡಿಮೆ 57 ಲ್ಯಾಪ್ ಪೂರ್ತಿ ಓಡಿತು ಅನ್ನಿ. ನಡುವೆ ಇಂಧನ ತುಂಬಿಸುವುದು 2010ರಿಂದ ರೇಸ್‌ನಲ್ಲೇ ಇಲ್ಲ. ಹಾಗಾಗಿ ರೇಸ್‌ನ ಹಾಗೆಯೇ ಓಡಿದ ಕಾರು ಟ್ಯಾಂಕ್ ತುಂಬಿಸಿಕೊಂಡೇ ಹೊರಟಿರಬೇಕು. ಇಂಧನದ ಗುಟ್ಟು ಅಲ್ಲಿಗೆ ಬಯಲಾಯಿತು.

ಈಗ ಲೆಕ್ಕ ಸುಲಭ. 2025ರವರೆಗಿನ ನಿಯಮದಲ್ಲಿ ರೇಸ್‌ಗೆ ಹೆಚ್ಚೆಂದರೆ 110 ಕೆಜಿ ಇಂಧನ. ಅಂದರೆ ಬಹ್ರೇನ್‌ನಲ್ಲಿ ಲ್ಯಾಪ್‌ಗೆ 2 ಕೆಜಿಗಿಂತ ಸ್ವಲ್ಪ ಕಡಿಮೆ ಖರ್ಚು. ಇಂಧನ ಇಳಿದಂತೆ ಕಾರು ಪ್ರತಿ ಲ್ಯಾಪ್‌ಗೂ 0.05 ಸೆಕೆಂಡ್‌ನಷ್ಟು ತಾನಾಗಿಯೇ ಚುರುಕಾಗಬೇಕು. ಆದರೂ ಟೈಮ್ ಲ್ಯಾಪ್‌ಗೆ 0.1 ಸೆಕೆಂಡ್‌ನಂತೆ ಏರುತ್ತಾ ಹೋದರೆ, ಟೈರ್ ಸವೆಯುತ್ತಿರುವುದು 0.15ರ ಲೆಕ್ಕದಲ್ಲಿ. 15 ಲ್ಯಾಪ್ ಆಗುವಷ್ಟರಲ್ಲಿ ಅದು 2 ಸೆಕೆಂಡ್ ದಾಟುತ್ತದೆ. ಅದೇ ಟೈರ್‌ನಲ್ಲಿ ಇನ್ನೊಂದು ಕಾರು 15 ಲ್ಯಾಪ್ ಒಂದೇ ಸಮನೆ ಟೈಮ್ ಹಾಕುತ್ತಿದ್ದರೆ, ನಾನು ದುಡ್ಡು ಹಾಕೋದು ಎರಡನೆಯದರ ಮೇಲೆ. ಅದರ ಅತಿ ವೇಗದ ಲ್ಯಾಪ್ ಪಟ್ಟಿಯಲ್ಲಿ ಎಂಟನೆಯದಾಗಿದ್ದರೂ ಸರಿ.

ಹೋಲಿಸುವಾಗ ಹೊತ್ತನ್ನೂ ನೋಡಿ. ಮಧ್ಯಾಹ್ನ ಬಹ್ರೇನ್ ಟ್ರ್ಯಾಕ್ ಕಾದಿರುತ್ತದೆ, ರೇಸ್ ನಡೆಯೋದು ಸಂಜೆ ದೀಪದ ಬೆಳಕಿನಲ್ಲಿ. ಗಾಳಿ ದಿಕ್ಕು ಬದಲಿಸಿದರೂ ಕಾರಿನ ಸ್ವಭಾವ ಬದಲಾಗುತ್ತದೆ. ಮಧ್ಯಾಹ್ನ 2ರ ಓಟವನ್ನು ಸಂಜೆ 6ರ ಓಟದ ಜೊತೆ ಹೋಲಿಸಿ ಜಗಳ ಆಡುವವರಿಗೆ ಪ್ರತಿ ವರ್ಷ ಬರವಿಲ್ಲ.

ಟಿವಿಯಲ್ಲಿ ನೋಡುವುದಾದರೆ ಹತ್ತನೇ ತಿರುವಿನ ಮೇಲೆ ಕಣ್ಣಿಡಿ. ಅಲ್ಲಿ ಇಳಿಜಾರು ಇದೆ. ಎಡಕ್ಕೆ ತಿರುಗಿಸುತ್ತಲೇ ಬ್ರೇಕ್ ಒತ್ತಬೇಕು. ಭಾರವಿಲ್ಲದ ಒಳಬದಿಯ ಮುಂದಿನ ಟೈರ್ ಲಾಕ್ ಆಗಿ ಹೊಗೆ ಏಳುತ್ತದೆ. ಎಲ್ಲರಿಗೂ ಒಮ್ಮೊಮ್ಮೆ ಆಗುತ್ತದೆ. ಒಂದೇ ಕಾರಿಗೆ ಲ್ಯಾಪ್ ಮೇಲೆ ಲ್ಯಾಪ್ ಆಗುತ್ತಿದ್ದರೆ, ಚಾಲಕ ತಿರುವಿನಿಂದ ಹೊರಬರುವಾಗಲೂ ಸ್ಟೀರಿಂಗ್ ಜೊತೆ ಗುದ್ದಾಡುತ್ತಿದ್ದರೆ, ಆ ತಂಡದ ಮುಖ್ಯಸ್ಥರು ಸಂದರ್ಶನದಲ್ಲಿ ಎಷ್ಟೇ ನಗಲಿ, ನಂಬಬೇಡಿ.

ಪ್ರಶ್ನೆ: ದೊಡ್ಡ ತಂಡಗಳು ಬೇಕಂತಲೇ ವೇಗ ಮುಚ್ಚಿಡುತ್ತವೆ ಅಂತಾರೆ. ಚಿಕ್ಕವರು ಸುಳ್ಳು ವೇಗ ತೋರಿಸುತ್ತಾರೆ ಅಂತಲೂ ಕೇಳಿದ್ದೇನೆ. ನಿಜವಾ? (ಶಿವಮೊಗ್ಗದ ಓದುಗರು)

ಉತ್ತರ: ಎರಡೂ ನಿಜ. ಆದರೆ ಜನ ಅಂದುಕೊಂಡಷ್ಟು ನಾಟಕ ಇರುವುದಿಲ್ಲ. ದೊಡ್ಡ ತಂಡಗಳಿಗೆ ಟೆಸ್ಟಿಂಗ್ ದಿನಗಳಲ್ಲಿ ಬೇರೆ ಕೆಲಸ ಸಾಕಷ್ಟಿರುತ್ತದೆ, ವೇಗ ತೋರಿಸುವ ಗರಜು ಇರುವುದಿಲ್ಲ. 2019ರ ಬಾರ್ಸಿಲೋನಾ ಟೆಸ್ಟಿಂಗ್‌ನಲ್ಲಿ ಫೆರಾರಿಯೇ ಮುಂದಿದೆ ಅಂತ ಎಲ್ಲರೂ ಅಂದುಕೊಂಡಿದ್ದರು. ಮರ್ಸಿಡಿಸ್ ಎರಡನೇ ವಾರಕ್ಕೆ ಹೆಚ್ಚುಕಡಿಮೆ ಹೊಸ ರೂಪದ ಕಾರನ್ನೇ ತಂದಿತು. ಕೊನೇ ದಿನ ಫೆರಾರಿಯ ವೆಟ್ಟೆಲ್ ಮತ್ತು ಆಗ ಮರ್ಸಿಡಿಸ್‌ನಲ್ಲಿದ್ದ ಹ್ಯಾಮಿಲ್ಟನ್ ಅವರ ವೇಗದ ಲ್ಯಾಪ್‌ಗಳ ನಡುವೆ ಉಳಿದದ್ದು 0.003 ಸೆಕೆಂಡ್. ಮೆಲ್ಬರ್ನ್‌ನಲ್ಲಿ ನಡೆದ ವರ್ಷದ ಮೊದಲ ರೇಸ್ ಅನ್ನು ಮರ್ಸಿಡಿಸ್‌ನ ಬೊಟಾಸ್ ಗೆದ್ದಾಗ ವೆಟ್ಟೆಲ್ ಸುಮಾರು 57 ಸೆಕೆಂಡ್ ಹಿಂದಿದ್ದರು!

ಚಿಕ್ಕವರ ಕಥೆಗೆ 2001ರ ಪ್ರೋಸ್ಟ್ ತಂಡವನ್ನು ನೋಡಿ. ಆ ಚಳಿಗಾಲದ ಟೆಸ್ಟಿಂಗ್‌ನಲ್ಲಿ ಅದರ ಚಾಲಕ ಜಾನ್ ಅಲೇಸಿ ಹಾಕಿದ ಟೈಮ್ ನೋಡಿ ಜನ ಬಾಯಿ ಬಿಟ್ಟಿದ್ದರು. ಪ್ರಾಯೋಜಕರನ್ನು ಹುಡುಕುವ ತಂಡಕ್ಕೆ ಪತ್ರಿಕೆಯ ಒಂದು ತಲೆಬರಹವೂ ದುಡ್ಡೇ. ಇಡೀ ವರ್ಷ ಸಿಕ್ಕಿದ್ದು 4 ಅಂಕ. 2002ರ ಆರಂಭದಲ್ಲಿ ತಂಡ ಬಾಗಿಲು ಹಾಕಿತು.

ಈ ನೆನಪು ಇದ್ದದ್ದರಿಂದಲೇ 2009ರ ಟೆಸ್ಟಿಂಗ್‌ನಲ್ಲಿ ಬ್ರಾನ್ ತಂಡ ಎಲ್ಲರನ್ನೂ ಹಿಂದೆ ಹಾಕಿದಾಗ ಹಲವರು ನಂಬಲಿಲ್ಲ. ಹೋಂಡಾ ಬಿಟ್ಟುಹೋದ ತಂಡ, ಪ್ರಾಯೋಜಕರಿಲ್ಲದ ಬಿಳಿ ಕಾರು. ಪ್ರೋಸ್ಟ್ ಥರವೇ ಅಂದುಕೊಂಡರು. ಆದರೆ ಅದರ ಚಾಲಕ ಜೆನ್ಸನ್ ಬಟನ್ ಮೊದಲ 7 ರೇಸ್‌ಗಳಲ್ಲಿ 6 ಗೆದ್ದರು. ಪ್ರತಿಸ್ಪರ್ಧಿ ಚಾಲಕರು ಮಾತ್ರ ಟೆಸ್ಟಿಂಗ್ ಹೊತ್ತಿಗೇ ಗಾಬರಿಯಾಗಿದ್ದರು. ತಂಡದವರ ಮಾತಿಗಿಂತ ಎದುರಾಳಿಯ ಮಾತು ನನಗೆ ಜಾಸ್ತಿ ಬೆಲೆಯದ್ದು.

ಪ್ರಶ್ನೆ: ಕಾರು ಪದೇ ಪದೇ ಕೆಟ್ಟು ನಿಂತರೆ ಆ ವರ್ಷ ಮುಗಿದ ಹಾಗೇನಾ? (ಬೆಂಗಳೂರಿನ ಓದುಗರು)

ಉತ್ತರ: ಕಷ್ಟ ಅಂತೂ ಗ್ಯಾರಂಟಿ, ಮುಗಿದೇಹೋಯಿತು ಅನ್ನಲಾಗದು. 2014ರಲ್ಲಿ ಹೊಸ ಹೈಬ್ರಿಡ್ ಎಂಜಿನ್ ಬಂತು. ಸ್ಪೇನ್‌ನ ಹೆರೆಸ್ ಟೆಸ್ಟಿಂಗ್‌ನಲ್ಲಿ ನಾಲ್ಕು ದಿನಕ್ಕೆ ಮರ್ಸಿಡಿಸ್ 309 ಲ್ಯಾಪ್ ಓಡಿದರೆ ರೆಡ್ ಬುಲ್ ಓಡಿದ್ದು ಬರೀ 21. ಆ ವರ್ಷ ಮರ್ಸಿಡಿಸ್ 19 ರೇಸ್‌ಗಳಲ್ಲಿ 16 ಗೆದ್ದಿತು. ಉಳಿದ ಮೂರನ್ನು ಗೆದ್ದದ್ದು ಅದೇ ರೆಡ್ ಬುಲ್‌ನ ರಿಕಾರ್ಡೊ. ತಂಡ ಎರಡನೇ ಸ್ಥಾನದಲ್ಲಿ ವರ್ಷ ಮುಗಿಸಿತು.

ನಿಮ್ಮ ಊರಿನ ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ 2015ರಲ್ಲಿ ಮೊದಲ ಟೆಸ್ಟ್‌ಗೆ ಹೋಗಲೇ ಇಲ್ಲ. ಎರಡನೆಯದರಲ್ಲಿ ಹಳೇ ಕಾರು ಓಡಿಸಿತು. ಹೊಸ ಕಾರು ಟ್ರ್ಯಾಕ್‌ಗೆ ಇಳಿದದ್ದು ಕೊನೇ ಟೆಸ್ಟ್‌ನಲ್ಲಿ. ಆದರೂ ವರ್ಷದ ಕೊನೆಗೆ ಐದನೇ ಸ್ಥಾನ. ಲ್ಯಾಪ್ ಎಣಿಸುವಾಗ ಏನು ಕೆಟ್ಟಿತು ಅಂತಲೂ ಕೇಳಿ. ಹೈಡ್ರಾಲಿಕ್ ಸೋರಿಕೆಯಾದರೆ ಮರುದಿನಕ್ಕೆ ಸರಿಯಾಗುತ್ತದೆ. ಎಂಜಿನ್ನಿನ ಮೂಲ ವಿನ್ಯಾಸದಲ್ಲೇ ತೊಂದರೆ ಇದ್ದರೆ ತಿಂಗಳುಗಟ್ಟಲೆ ಹಿಡಿಯುತ್ತದೆ.