ಪರೀಕ್ಷೆ ಪಾಸಾದ ಫಿರಂಗಿ ಸೇನೆಗೆ ತಲುಪಲು ಇಷ್ಟು ವರ್ಷ ಯಾಕೆ?

ನೀವು ಕೇಳಿದ್ದು ಇದು: ಪೋಖ್ರಾನ್‌ನಲ್ಲಿ ಫಿರಂಗಿ ಗುರಿ ಹೊಡೆಯಿತು ಅಂತ ಪೇಪರ್‌ನಲ್ಲಿ ಓದುತ್ತೇವೆ, ಆಮೇಲೆ ವರ್ಷಗಟ್ಟಲೆ ಸುದ್ದಿಯೇ ಇರುವುದಿಲ್ಲ. ನಡುವೆ ಏನು ನಡೆಯುತ್ತದೆ? ಸುಮ್ನೆ ಫೈಲ್ ಓಡಾಟವಾ?

ಫೈಲ್ ಓಡಾಟ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕಿಂತ ದೊಡ್ಡ ಕೆಲಸ ಬೇರೆ ಇದೆ, ಅದು ಹೊರಗಿನವರಿಗೆ ಕಾಣುವುದೇ ಇಲ್ಲ. ನಾನು ಬೆಳಗಾವಿ ಕಡೆಯವನು. ಪುಣೆಯ ಭೋಸರಿಯಲ್ಲಿ ಒಂದು ಸಣ್ಣ ಮಷಿನಿಂಗ್ ಕಾರ್ಖಾನೆಯಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತೇನೆ. ರಕ್ಷಣಾ ಇಲಾಖೆಗೆ ಹೋಗುವ ಬಿಡಿಭಾಗಗಳ ಕೆಲಸ ನಮಗೂ ಬರುತ್ತದೆ, ಹಾಗಾಗಿ ನೋಡಿದ್ದನ್ನೇ ಹೇಳುತ್ತೇನೆ.

ಪರೀಕ್ಷೆಗೆ ಅಂತ ಮಾಡುವ ಮೊದಲ ಒಂದೆರಡು ಫಿರಂಗಿಗಳನ್ನು ನುರಿತ ಫಿಟ್ಟರ್‌ಗಳು ಹತ್ತಿರ ನಿಂತು ಕೂಡಿಸುತ್ತಾರೆ. ಒಂದು ಪಿನ್ ಬಿಗಿಯಾದರೆ ಸ್ವಲ್ಪ ಉಜ್ಜುತ್ತಾರೆ, ಸಡಿಲ ಆದರೆ ಬೇರೆಯದನ್ನು ಆರಿಸಿ ಹಾಕುತ್ತಾರೆ. ಅದು ತಪ್ಪಲ್ಲ, ಆ ಹಂತದಲ್ಲಿ ಬೇಕಿರುವುದು ವಿನ್ಯಾಸ ಸರಿಯಿದೆಯೇ ಎಂಬ ಉತ್ತರ ಮಾತ್ರ. ಉತ್ಪಾದನೆಗೆ ಬಂದಾಗ ಹಾಗೆ ನಡೆಯುವುದಿಲ್ಲ. ನೂರನೆಯ ಫಿರಂಗಿಯ ಪಿನ್ ಹತ್ತನೆಯ ಫಿರಂಗಿಗೂ ಉಜ್ಜದೆ ಕೂರಬೇಕು, ಯಾಕೆಂದರೆ ಗಡಿಯಲ್ಲಿ ಭಾಗ ಬದಲಿಸುವ ಸೈನಿಕನ ಕೈಯಲ್ಲಿ ಸ್ಪ್ಯಾನರ್ ಇರುತ್ತದೆ, ನಮ್ಮ ಫಿಟ್ಟರ್ ಅಲ್ಲಿ ಇರುವುದಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಒಮ್ಮೆ ನಮ್ಮಲ್ಲಿಗೆ ಒಂದು ಬ್ರಾಕೆಟ್‌ನ ಡ್ರಾಯಿಂಗ್ ಬಂತು. ಮಷಿನ್ ಮೇಲೆ ಕೆಲಸ ಮಾಡುವ ಗೋಕಾಕದ ಹಿರಿಯರು ಅದನ್ನು ನೋಡಿದ ತಕ್ಷಣ, "ಸರ, ಈ ಮೂಲ್ಯಾಗ ಟೂಲ್ ಹೋಗೂದ ಇಲ್ಲರೀ" ಅಂದರು. ಒಳಮೂಲೆಯ ರೇಡಿಯಸ್, ಅಂದರೆ ಮೂಲೆಯ ದುಂಡು, ಅಷ್ಟು ಸಣ್ಣದು. ಮೊದಲ ನಮೂನೆಯಲ್ಲಿ ಅದನ್ನು ವಿದ್ಯುತ್ ಕಿಡಿಯಿಂದ ಲೋಹ ಕೊರೆಯುವ ಸ್ಪಾರ್ಕ್ ಮಷಿನ್‌ನಲ್ಲಿ ನಿಧಾನವಾಗಿ ತೆಗೆದಿದ್ದರು. ನೂರಾರು ಮಾಡಬೇಕಾದರೆ ಅದು ಆಗದ ಮಾತು: ಸ್ಪಾರ್ಕ್‌ನಲ್ಲಿ ಸಮಯ ಹಾಳು, ತೆಳ್ಳಗಿನ ಕಟರ್ ಹಾಕಿದರೆ ಅದು ಮುರಿಯುತ್ತದೆ. ರೇಡಿಯಸ್ ಸ್ವಲ್ಪ ದೊಡ್ಡದು ಮಾಡಿದರೆ ಆಯ್ತಲ್ವಾ ಅಂತ ನಿಮಗೆ ಅನಿಸಬಹುದು. ಆದರೆ ಅಲ್ಲಿ ಕೂರುವ ಇನ್ನೊಂದು ಭಾಗದ ಅಂಚು ಆಗ ತಾಗುತ್ತದೆ, ಅದರ ಅಂಚನ್ನೂ ತೆಗೆಯಬೇಕು, ಆ ಭಾಗ ಮಾಡುವವರು ಬೇರೆ ಕಾರ್ಖಾನೆಯವರು. ಬದಲಾವಣೆಯ ಕೋರಿಕೆ ವಿನ್ಯಾಸ ಮಾಡಿದವರವರೆಗೂ ಹೋಗಬೇಕು, ಅವರು ಬಲದ ಲೆಕ್ಕ ಮತ್ತೆ ಹಾಕಬೇಕು, ಡ್ರಾಯಿಂಗ್ ತಿದ್ದಬೇಕು, ಹೊಸ ಡ್ರಾಯಿಂಗ್‌ನಂತೆ ನಮೂನೆ ಮಾಡಿ ಅಳೆದು ತೋರಿಸಬೇಕು. ಒಂದು ಮೂಲೆಗೆ ಇಷ್ಟು. ಫಿರಂಗಿಯಲ್ಲಿ ಭಾಗಗಳು ಸಾವಿರಗಟ್ಟಲೆ.

ಉಕ್ಕಿನ ಕಥೆಯೂ ಹೀಗೇ. ನಮೂನೆಗೆ ಬೇಕಾದ ಉಕ್ಕು ಒಂದೇ ಸಲ ಕರಗಿಸಿದ್ದು ಇರಬಹುದು. ಉತ್ಪಾದನೆಯಲ್ಲಿ ಬೇರೆ ಬೇರೆ ಸಲ ಕರಗಿಸಿದ ಉಕ್ಕು ಬರುತ್ತದೆ, ಕಾಯಿಸಿ ತಣಿಸುವ ಹೀಟ್ ಟ್ರೀಟ್‌ಮೆಂಟ್ ಆದ ಮೇಲೆ ಗಡಸುತನ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತದೆ. ಅದಕ್ಕೇ ಪ್ರತಿ ಲಾಟ್‌ನಿಂದ ತುಂಡು ಕತ್ತರಿಸಿ ಪರೀಕ್ಷಿಸುತ್ತಾರೆ, ಯಾವ ಸಲ ಕರಗಿಸಿದ ಉಕ್ಕು ಅಂತ ಹೇಳುವ ಹೀಟ್ ನಂಬರ್ ಪ್ರತಿ ಭಾಗದ ಮೇಲೂ ಇರಬೇಕು. ಇದು ಕಿರಿಕಿರಿ ಅನಿಸುತ್ತದೆ, ಆದರೆ ನನಗೆ ಇದರಲ್ಲಿ ಪೂರ್ತಿ ನಂಬಿಕೆ ಇದೆ. 2020ರ ಸೆಪ್ಟೆಂಬರ್‌ನಲ್ಲಿ ಪೋಖ್ರಾನ್ ಪರೀಕ್ಷೆಯಲ್ಲೇ ದೇಶದಲ್ಲೇ ವಿನ್ಯಾಸವಾದ ಎಟ್ಯಾಗ್ಸ್ ಎಂಬ ಫಿರಂಗಿಯ ನಳಿಗೆ ಒಡೆದು ಅಲ್ಲಿದ್ದವರಿಗೆ ಗಾಯವಾಗಿತ್ತು. ಫಿರಂಗಿಯ ಪಕ್ಕ ಮನುಷ್ಯರು ನಿಂತಿರುತ್ತಾರೆ, ಇದನ್ನು ಮರೆಯಬಾರದು.

ಅದೇ ಎಟ್ಯಾಗ್ಸ್ ನಮ್ಮ ಪುಣೆಯದೇ ಕೂಸು. ಪಾಷಾಣ್‌ನಲ್ಲಿರುವ ಎಆರ್‌ಡಿಇ, ಅಂದರೆ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪ್ರಯೋಗಾಲಯ, ಇದನ್ನು ಭಾರತ್ ಫೋರ್ಜ್ ಮತ್ತು ಟಾಟಾ ಜೊತೆ ಸೇರಿ ಮಾಡಿತು. 2013ರಲ್ಲಿ ಯೋಜನೆ ಶುರು. 2017ರ ಗಣರಾಜ್ಯೋತ್ಸವ ಪರೇಡ್‌ನಲ್ಲೇ ಜನ ಇದನ್ನು ನೋಡಿದರು. ಸೇನೆಯ ಕೊನೆಯ ಸುತ್ತಿನ ಪರೀಕ್ಷೆ ಮುಗಿದದ್ದು 2022ರಲ್ಲಿ, 307 ಫಿರಂಗಿಗಳ ಒಪ್ಪಂದಕ್ಕೆ ಸಹಿ ಬಿದ್ದದ್ದು 2025ರ ಮಾರ್ಚ್‌ನಲ್ಲಿ, ಎಳೆಯುವ ವಾಹನಗಳೂ ಸೇರಿ ಸುಮಾರು 6,900 ಕೋಟಿ ರೂಪಾಯಿ.

ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸುವುದಿಲ್ಲ. ಪರೀಕ್ಷೆ ಮಾಡುವುದು ವಿನ್ಯಾಸವನ್ನು ಮಾತ್ರ ಅಲ್ಲ, ತಯಾರಿಸುವವರನ್ನೂ. 2024ರ ನವೆಂಬರ್‌ನಲ್ಲಿ ಗೈಡೆಡ್ ಪಿನಾಕ, ಅಂದರೆ ದಾರಿ ತಿದ್ದಿಕೊಂಡು ಗುರಿಗೆ ಹೋಗುವ ರಾಕೆಟ್‌ನ ಪರೀಕ್ಷೆ ಮುಗಿಯಿತು. ಆಗ ಎರಡು ಉತ್ಪಾದನಾ ಸಂಸ್ಥೆಗಳಿಂದ ತಲಾ 12 ರಾಕೆಟ್ ತೆಗೆದು ಹಾರಿಸಿ ನೋಡಿದರು. ಒಂದು ಸಂಸ್ಥೆ ನಮ್ಮ ಖಡ್ಕಿಯಲ್ಲಿ ಮುಖ್ಯ ಕಚೇರಿ ಇರುವ ಮ್ಯುನಿಷನ್ಸ್ ಇಂಡಿಯಾ, ಇನ್ನೊಂದು ನಾಗಪುರದ್ದು. ಡ್ರಾಯಿಂಗ್ ಒಂದೇ ಆದರೂ ಇಬ್ಬರ ಕೈಯಲ್ಲೂ ಅದೇ ಗುಣ ಬರುತ್ತದೆಯೇ ಎಂದು ತೋರಿಸಲೇಬೇಕು. ಮುಂದಿನ ಸಲ "ಪರೀಕ್ಷೆ ಯಶಸ್ವಿ" ಅಂತ ಓದಿದಾಗ, ಹಾರಿಸಿದ್ದು ಪ್ರಯೋಗಾಲಯದವರು ಮಾಡಿದ್ದೋ ಕಾರ್ಖಾನೆಯವರು ಮಾಡಿದ್ದೋ ಎಂದು ನೋಡಿ. ಕಾರ್ಖಾನೆಯದ್ದಾದರೆ ಸೇನೆಗೆ ಹತ್ತಿರ ಬಂದಿದೆ ಅಂತ ಅರ್ಥ.

ನನಗೆ ಕೋಪ ಬರುವುದು ಇಷ್ಟೆಲ್ಲ ತಯಾರಾದ ಮೇಲೆ ಆಗುವ ತಡದ ಮೇಲೆ. ಭಾಗ ಹಿಡಿದಿಡುವ ಫಿಕ್ಸ್‌ಚರ್, ಅಳತೆ ನೋಡುವ ಗೇಜ್ ಎಲ್ಲಾ ಮಾಡಿಸಿ, ಹುಡುಗರಿಗೆ ಕಲಿಸಿ ಕೂತಿರುತ್ತೇವೆ, ದೊಡ್ಡ ಆರ್ಡರ್ ಬರುವುದಿಲ್ಲ. ಬಾಗಲಕೋಟೆ, ವಿಜಯಪುರದಿಂದ ಐಟಿಐ ಮುಗಿಸಿ ಬಂದ ಹುಡುಗರು ಎಷ್ಟು ದಿನ ಕಾಯುತ್ತಾರೆ ಹೇಳಿ. ಚಾಕಣ್‌ನ ಕಾರು ಕಂಪನಿಗಳಿಗೆ ಹೋಗಿಬಿಡುತ್ತಾರೆ, ಅವರನ್ನು ಬೈಯಲೂ ಆಗುವುದಿಲ್ಲ. ಆರ್ಡರ್ ಬಂದಾಗ ಹೊಸಬರಿಗೆ ಮೊದಲಿಂದ ಕಲಿಸಬೇಕು, ಮೊದಲ ಲಾಟ್‌ಗಳಲ್ಲಿ ಅದೇ ಹಳೆಯ ತೊಂದರೆ ಮತ್ತೆ ಬರುತ್ತದೆ. ಪರೀಕ್ಷೆ ಮುಗಿದ ಕೂಡಲೇ ಸಣ್ಣದೊಂದು ಆರ್ಡರ್ ಆದರೂ ಕೊಟ್ಟು ಕೈ ಆಡುವಂತೆ ಇಡಬೇಕು, ಮುಂದಿನ ನಾಲ್ಕೈದು ವರ್ಷಕ್ಕೆ ಅಂದಾಜು ಎಷ್ಟು ಬೇಕು ಅಂತ ನಮ್ಮಂಥ ಸಣ್ಣ ಕಾರ್ಖಾನೆಗಳಿಗೂ ತಿಳಿಸಬೇಕು. ಅಷ್ಟಿದ್ದರೆ ಮಾಲೀಕರು ಧೈರ್ಯವಾಗಿ ಇನ್ನೊಂದು ಮಷಿನ್ ಹಾಕುತ್ತಾರೆ, ಕಲಿತ ಹುಡುಗರು ಉಳಿಯುತ್ತಾರೆ.